ಬೆಳಗಾವಿ ಕಡೆಯಿಂದ ಪ್ರೊಫೆಷನಲ್ ಟೆನಿಸ್‌ಗೆ ಹೋಗೋದು ಹೇಗೆ?

ಮಗಳು ಚೆನ್ನಾಗಿ ಆಡುತ್ತಾಳೆ, ಮುಂದೇನು ಅಂತ ಯೋಚಿಸುತ್ತಿದ್ದೀರಾ? ಮೊದಲು ಅಖಿಲ ಭಾರತ ಟೆನಿಸ್ ಸಂಸ್ಥೆಯಲ್ಲಿ ನೋಂದಣಿ ಮಾಡಿಸಿ. 12, 14, 16, 18 ವರ್ಷದೊಳಗಿನವರ ಟೂರ್ನಿಗಳಿಂದ ದೇಶದ ರ‍್ಯಾಂಕಿಂಗ್ ಸಿಗುತ್ತದೆ. 13 ತುಂಬಿದ ಮೇಲೆ ಐಟಿಎಫ್ (ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್) ಜೂನಿಯರ್ ಟೂರ್ನಿಗಳು. ಅದಕ್ಕೆ ಐಪಿನ್, ಅಂದರೆ ಆಟಗಾರರ ನೋಂದಣಿ ಸಂಖ್ಯೆ ಬೇಕು, ಆನ್‌ಲೈನ್‌ನಲ್ಲೇ ಮಾಡಿಕೊಳ್ಳಬಹುದು.

ನಿಜವಾದ ಕಷ್ಟ ಆಮೇಲೆ. ಹುಡುಗಿಯರಿಗೆ ಡಬ್ಲ್ಯು15, ಹುಡುಗರಿಗೆ ಎಂ15 ಅನ್ನೋ ಟೂರ್ನಿಗಳು ಪ್ರೊಫೆಷನಲ್ ಆಟದ ಮೊದಲ ಮೆಟ್ಟಿಲು. ಇಡೀ ಟೂರ್ನಿಯ ಬಹುಮಾನ 15,000 ಡಾಲರ್ ಅಷ್ಟೇ, ಅದೂ ಎಲ್ಲರಿಗೂ ಹಂಚಿಹೋಗುತ್ತದೆ, ಹಾಗಾಗಿ ಬೇಗ ಸೋತರೆ ಪ್ರಯಾಣ, ಹೋಟೆಲ್, ಕೋಚ್, ರ‍್ಯಾಕೆಟ್ ತಂತಿ ಯಾವುದರ ಖರ್ಚೂ ಹುಟ್ಟುವುದಿಲ್ಲ. ಸುಮ್ನೆ ಹೊರಡಬೇಡಿ. ವರ್ಷದ ಬಜೆಟ್ ಬರೆದಿಟ್ಟು, ಹತ್ತಿರದ ಊರುಗಳ ಟೂರ್ನಿಗಳನ್ನೇ ಮೊದಲು ಆರಿಸಿ.

ಅಭ್ಯಾಸಕ್ಕೆ ನಮ್ಮ ಹವೆ ನೋಡಿಕೊಳ್ಳಿ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಆಡಿಸುವುದು ಬೇಡವೇ ಬೇಡ. ಬೆಳಗಾವಿ ಮಳೆಗಾಲದಲ್ಲಿ ಹೊರಗಿನ ಕೋರ್ಟ್ ಸಿಗದ ದಿನ ಫಿಟ್‌ನೆಸ್ ಮಾಡಿಸಿ.

ಡಬಲ್ಸ್ ಕೂಡ ಕಲಿಸಿ, ಅದನ್ನು ಜಾಸ್ತಿ ಜನ ಕಡೆಗಣಿಸುತ್ತಾರೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, ಅಲ್ವಾ? ಓದು ಮಾತ್ರ ಬಿಡಿಸಬೇಡಿ. ಅಮೆರಿಕದ ಕಾಲೇಜುಗಳು ಒಳ್ಳೆ ಆಟಗಾರರಿಗೆ ಸ್ಕಾಲರ್‌ಶಿಪ್ ಕೊಡುತ್ತವೆ, ಅದಕ್ಕೆ ಅಂಕಗಳೂ ಬೇಕು.