ಮಲೆನಾಡಿನ ಮಳೆಗೆ ಹೊಂದಿಸಿಕೊಂಡ ನಮ್ಮ ಕ್ಯಾಂಪರ್ ಗಾಡಿ

ಯೂಟ್ಯೂಬ್‌ನಲ್ಲಿ ಕಾಣುವ ಟ್ರಕ್ ಕ್ಯಾಂಪರ್‌ಗಳು, ಅಂದರೆ ಹಿಂದೆ ಮಲಗುವ ವ್ಯವಸ್ಥೆ ಇರುವ ಪಿಕಪ್ ಗಾಡಿಗಳು, ಹೆಚ್ಚಿನವು ಒಣ ಸೀಮೆಯವು. ಆಸ್ಟ್ರೇಲಿಯಾದ ಕೆಂಪು ಮಣ್ಣು, ಅಮೆರಿಕದ ಮರುಭೂಮಿ. ಅವರ ತಲೆನೋವು ಧೂಳು, ಬಿಸಿಲು, ದೂರ. ನಮಗೆ ದೂರದ ಚಿಂತೆಯೇ ಇಲ್ಲ. ಶಿವಮೊಗ್ಗದಿಂದ ಪಶ್ಚಿಮಕ್ಕೆ ಹೊರಟರೆ ತಿಂಡಿ ಅರಗುವ ಮೊದಲೇ ಕಾಡು ಸಿಗುತ್ತದೆ. ನಮ್ಮ ತಲೆನೋವು ನೀರು. ಮೇಲಿಂದ ಸುರಿಯುವ ನೀರು, ಕೆಳಗಿಂದ ಒಸರುವ ನೀರು, ರಾತ್ರಿಯಿಡೀ ನಾವೇ ಉಸಿರು ಬಿಟ್ಟು ಒಳಗೆ ಮಾಡಿಕೊಳ್ಳುವ ನೀರು. ಅವರ ಪಟ್ಟಿ ನೋಡಿ ಸಾಮಾನು ತರಿಸಿದರೆ ಅರ್ಧ ಇಲ್ಲಿ ಸುಮ್ನೆ ಭಾರ.

ನಮ್ಮದು ಸೆಕೆಂಡ್ ಹ್ಯಾಂಡ್ ಇಸುಜು ವಿ-ಕ್ರಾಸ್ ಪಿಕಪ್. 2.5 ಲೀಟರ್ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್, ನಿಧಾನಕ್ಕೆ ಆದರೆ ಜಾಸ್ತಿ ಬಲದಲ್ಲಿ ಎಳೆಯುವ ಲೋ ರೇಂಜ್ ಗೇರು. ಮನೆಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು. ತೋಟದ ಕೆಲಸಕ್ಕೂ ಇದೇ ಗಾಡಿ. ಹಿಂದೆ ಹಾಸಿಗೆ ಹಾಕುವ ಯೋಚನೆ ಹೇಳಿದಾಗ ತೀರ್ಥಹಳ್ಳಿ ಕಡೆಯ ಭಾವ, "ಎಂತ ಮಾರಾಯಾ, ಗೊಬ್ಬರ ಹಾಕೋ ಜಾಗದಲ್ಲಿ ಮಲಗ್ತೀಯಾ?" ಅಂದಿದ್ದರು. ಈಗ ಅವರ ಅಂಗಳವೇ ನಮ್ಮ ಕಾಯಂ ಕ್ಯಾಂಪು.

ಎರಡು ಸಾಲು ಸೀಟಿನ (ಡಬಲ್ ಕ್ಯಾಬ್) ಪಿಕಪ್‌ನ ಹಿಂದಿನ ತೊಟ್ಟಿ ಸುಮಾರು 5 ಅಡಿ ಉದ್ದ. ದೊಡ್ಡವರು ಕಾಲು ಚಾಚಬೇಕಾದರೆ ಹಿಂದಿನ ಬಾಗಿಲು ಇಳಿಸಿ ಅದರ ಮೇಲೂ ಹಲಗೆ ಬರಬೇಕು. ಹಾಗಾಗಿ ನಾವು ಅಲ್ಯೂಮಿನಿಯಂ ಚೌಕಟ್ಟಿನ ಒಂದು ಡಬ್ಬಿ ಮಾಡಿಸಿದೆವು. ಶಿವಮೊಗ್ಗದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್‌ನವರು ಮಾಡಿಕೊಟ್ಟರು. ಡಬ್ಬಿಯ ಮೂತಿ ಕ್ಯಾಬಿನ್ ಮೇಲೆ ಚಾಚಿಕೊಂಡಿದೆ, ಮಕ್ಕಳು ಅಲ್ಲಿ ಅಡ್ಡಡ್ಡ ಮಲಗುತ್ತಾರೆ. ಒಳಗೆ ನಿಲ್ಲೋಕೆ ಆಗಲ್ಲ, ಆರಾಮಾಗಿ ಕೂರಬಹುದು. ಮೇಲಕ್ಕೆ ಎದ್ದು ನಿಲ್ಲುವ ಕ್ಯಾನ್ವಾಸ್ ಮಾಡಿನದು (ಚಾವಣಿಯದು) ಮಾಡಿಸಬಹುದಿತ್ತು. ಆದರೆ ಜುಲೈ ತಿಂಗಳಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರು ನಮ್ಮದು. ಒದ್ದೆ ಕ್ಯಾನ್ವಾಸ್ ಮಡಚಿಟ್ಟರೆ ಕೇಳಬೇಕಾ? ಜೊತೆಗೆ ಎತ್ತರವೂ ಮುಖ್ಯ. ತೋಟದ ದಾರಿಯಲ್ಲಿ ಹಲಸಿನ ಕೊಂಬೆ, ಜೋತುಬಿದ್ದ ಕರೆಂಟ್ ತಂತಿ ಎಲ್ಲಾ ಕಡೆ ಇರುತ್ತವೆ.

ಡಬ್ಬಿಯನ್ನು ವೆಲ್ಡ್ ಮಾಡಿಸಿಲ್ಲ. ತೊಟ್ಟಿಯ ಕೊಂಡಿಗಳಿಗೆ ನಾಲ್ಕು ಕಡೆ ಬಿಗಿದಿದ್ದೇವೆ, ಬೇಕಾದಾಗ ಇಳಿಸಿ ಶೆಡ್‌ನಲ್ಲಿ ಇಡುತ್ತೇವೆ. ಕಾರಣ ಎರಡು. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದರೆ ಅದನ್ನು ಹೇರಲು ತೊಟ್ಟಿ ಖಾಲಿ ಬೇಕು. ಇನ್ನೊಂದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಗಾಡಿಯನ್ನೇ ಕತ್ತರಿಸಿ ಬೆಸೆದರೆ ನಾಳೆ ಅಪಘಾತವಾದಾಗ ಇನ್ಶೂರೆನ್ಸ್‌ನಲ್ಲೂ ತಕರಾರು ಬರಬಹುದು. ಕಳಚಿ ಇಡಬಹುದಾದ ಡಬ್ಬಿಯನ್ನೂ ಹಾಕಿಸುವ ಮೊದಲು ಆರ್‌ಟಿಒದಲ್ಲಿ, ಇನ್ಶೂರೆನ್ಸ್‌ನವರಲ್ಲಿ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಗಾಡಿಯ ಮುಂದೆ ಹಾಕುವ ಕಬ್ಬಿಣದ ಗಾರ್ಡ್, ಬುಲ್ ಬಾರ್ ಕೂಡ ಹಾಕಿಲ್ಲ. ಅದನ್ನು ತೆಗೆಸಿ ಎಂದು 2017ರ ಕೊನೆಗೆ ಕೇಂದ್ರ ಸಾರಿಗೆ ಸಚಿವಾಲಯವೇ ರಾಜ್ಯಗಳಿಗೆ ಬರೆದಿತ್ತು. ಮತ್ತೆ, ಗಾಡಿ ಓಡುವಾಗ ಡಬ್ಬಿಯೊಳಗೆ ಯಾರೂ ಇರಬಾರದು. ಮಕ್ಕಳು ಎಷ್ಟೇ ಗೋಗರೆದರೂ ಇಲ್ಲ.

ಇನ್ನು ಒಳಗಿನ ನೀರಿನ ವಿಷಯ. ನಾಲ್ಕು ಜನ ಬಾಗಿಲು ಮುಚ್ಚಿ ಮಲಗಿದರೆ ಉಸಿರಿನ ಆವಿ ತಣ್ಣನೆಯ ತಗಡಿಗೆ ತಾಗಿ ಬೆಳಗಿನ ಜಾವ ಹನಿಯಾಗಿ ಮುಖದ ಮೇಲೆ ಬೀಳುತ್ತದೆ. ಮಾಡು ಸೋರುತ್ತಿದೆ ಎಂದು ಜನ ಮೇಲಿಂದ ಸೀಲೆಂಟ್ ಬಳಿಯುತ್ತಾರೆ, ಸೋರುವುದು ಮಾಡು ಅಲ್ಲ. ನಾವು ಒಳಗೋಡೆಗೆಲ್ಲ ನೈಟ್ರೈಲ್ ಫೋಮ್ ಅಂಟಿಸಿದೆವು, ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್. ಅದು ನೀರು ಹೀರುವುದಿಲ್ಲ, ತಗಡಿನ ತಂಪನ್ನು ಒಳಗೆ ಬಿಡುವುದೂ ಇಲ್ಲ. ಆಮೇಲೆ ಎರಡು 12 ವೋಲ್ಟ್ ಫ್ಯಾನ್. ಒಂದು ಕೆಳಗಿಂದ ಗಾಳಿ ಎಳೆಯುತ್ತದೆ, ಇನ್ನೊಂದು ಎದುರು ಮೂಲೆಯ ಮೇಲಿನಿಂದ ಹೊರಗೆ ತಳ್ಳುತ್ತದೆ. ಎರಡಕ್ಕೂ ಸೊಳ್ಳೆ ಜಾಲರಿ. ಕಂಪ್ಯೂಟರ್‌ಗೆ ಹಾಕುವ ಫ್ಯಾನ್‌ಗಳೇ ಸಾಕು, ಕರೆಂಟ್ ಲೆಕ್ಕಕ್ಕೇ ಇಲ್ಲ. ಮಳೆ ಬರುವಾಗ ಕಿಟಕಿ ತೆರೆಯುವುದು ತಲೆಕೆಟ್ಟವರ ಕೆಲಸದ ಹಾಗೆ ಕಾಣುತ್ತದೆ, ಆದರೆ ಬೆರಳು ತೂರುವಷ್ಟು ಸಂದಿ ಬಿಟ್ಟರೇ ಒಳಗೆ ಒಣಗಿರುತ್ತದೆ.

ಹಾಸಿಗೆಯ ಅಡಿಯೂ ಒದ್ದೆಯಾಗುತ್ತದೆ. ಮೈಯ ಬೆವರಿನ ಆವಿ ಇಳಿದು ತಣ್ಣನೆಯ ಪ್ಲೈವುಡ್‌ಗೆ ತಾಗುವುದೇ ಕಾರಣ. ಇದಕ್ಕೆ ಮದ್ದು ತೋಟದಲ್ಲೇ ಇತ್ತು. ಅಡಿಕೆ ದಬ್ಬೆ ಸೀಳಿ, ನಯ ಮಾಡಿ, ಎರಡು ಬೆರಳು ಸಂದಿ ಬಿಟ್ಟು ಹೊಡೆದೆವು. ಅದರ ಮೇಲೆ ಹಾಸಿಗೆ. ಕೆಳಗೆ ಗಾಳಿ ಆಡುತ್ತದೆ. ಇಡೀ ಗಾಡಿಯಲ್ಲಿ ಅತಿ ಅಗ್ಗದ, ನನಗೆ ಅತಿ ಇಷ್ಟವಾದ ಕೆಲಸ ಇದೇ. ಪ್ಲೈವುಡ್ ಹಾಕಿದ ಕಡೆ ಮಾತ್ರ 710 ಗ್ರೇಡ್‌ನ ಮರೀನ್ ಪ್ಲೈ ಬೇಕು, ಅದರಲ್ಲಿ ಉಳಿತಾಯ ಮಾಡಬೇಡಿ. ಕತ್ತರಿಸಿದ ಅಂಚಿಗೆಲ್ಲ ಬಣ್ಣ ಹೊಡೆಯಲೇಬೇಕು. ನೀರು ನುಗ್ಗುವುದು ಅಂಚಿನಿಂದ.

ಹೊರಗೆ ಅಡುಗೆ ಮಾಡಲು ಪಕ್ಕದಲ್ಲಿ ಚಪ್ಪರದ ಹಾಗೆ ಬಿಚ್ಚುವ ಮರೆ ಇದೆ. ಮಲೆನಾಡಿನ ಮನೆಗೆ ಸೂರು ಇಳಿಬಿಟ್ಟ ಹಾಗೆ ಅದರ ಒಂದು ತುದಿ ಚೆನ್ನಾಗಿ ತಗ್ಗಿರಬೇಕು. ಚಪ್ಪಟೆಯಾಗಿ ಕಟ್ಟಿದರೆ ಒಂದೇ ಮಳೆಗೆ ನೀರು ತುಂಬಿ ಕಡ್ಡಿ ಬಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಮರೆಗಳನ್ನು ಅಲ್ಲಿಗಾಗಿ ಯಾರೂ ಮಾಡಿಲ್ಲ.

ತೂಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೊಸದಾಗಿ ಮಾಡಿಸುವವರು ಇದನ್ನೇ ಬಿಟ್ಟುಬಿಡುತ್ತಾರೆ. ಖಾಲಿ ಗಾಡಿ ಮತ್ತು ತುಂಬಿದ ಗಾಡಿಯ ಗರಿಷ್ಠ ತೂಕ ಎರಡೂ ಕಂಪನಿ ಪುಸ್ತಕದಲ್ಲಿ ಇರುತ್ತವೆ. ನಡುವಿನ ವ್ಯತ್ಯಾಸದಲ್ಲಿ ಜನ, ಡಬ್ಬಿ, ನೀರು, ಅಕ್ಕಿ, ಬ್ಯಾಟರಿ, ಎಲ್ಲಾ ಸೇರಬೇಕು. ನಾವು ಎಲ್ಲ ತುಂಬಿಕೊಂಡು, ಮಕ್ಕಳನ್ನೂ ಕೂರಿಸಿಕೊಂಡು ವೇ ಬ್ರಿಡ್ಜ್‌ಗೆ ಹೋದೆವು. ಅಡಿಕೆ ಮಂಡಿಯವರಿಗೆ ನಗು. ಮೊದಲು ಪೂರ್ತಿ ಗಾಡಿ, ಆಮೇಲೆ ಹಿಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿದೆವು. ಹಿಂದಿನ ಚಕ್ರದ ಮೇಲಿನ ಭಾರ ಗೊತ್ತಾದ ಮೇಲೆ ಮನೆಯಲ್ಲಿ ಕಡಿತ ಶುರುವಾಯಿತು. 40 ಲೀಟರ್ ನೀರು ಅಂದರೆ 40 ಕಿಲೋ. ನಮ್ಮ ಕಡೆ ಮನೆಮನೆಗೂ ಬಾವಿ ಇದೆ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಈಗ 20 ಲೀಟರ್ ಕ್ಯಾನ್ ಒಂದೇ. ಮಾಡಿನ ಮೇಲೆ ಏನೂ ಇಡುವುದಿಲ್ಲ. 60 ಕಿಲೋದ ಟೆಂಟನ್ನು ತಲೆಯ ಮೇಲೆ ಹೊತ್ತು ಹುಲಿಕಲ್ ಘಾಟಿ ಇಳಿದರೆ ತಿರುವಿನಲ್ಲಿ ಗಾಡಿ ಹೇಗೆ ವಾಲುತ್ತದೆ ಎಂದು ಪಕ್ಕದ ಸೀಟಿನವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಹಿಂದಿನ ಪಟ್ಟಿ ಸ್ಪ್ರಿಂಗಿಗೆ ಒಂದು ಪಟ್ಟಿ ಸೇರಿಸಿದ್ದೇವೆ. ಪಟ್ಟಿ ಸೇರಿಸಿದರೆ ಗಾಡಿ ಕೂರುವುದಿಲ್ಲ, ಅಷ್ಟೇ. ಗರಿಷ್ಠ ತೂಕ ಅದರಿಂದ ಹೆಚ್ಚುವುದಿಲ್ಲ. ಬ್ರೇಕು ಅದೇ ಹಳೇ ಬ್ರೇಕು.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್, 100 ಆಂಪಿಯರ್-ಅವರ್, 12 ಕಿಲೋ ಆಸುಪಾಸು. ಮನೆಯ ಇನ್ವರ್ಟರ್‌ಗೆ ಹಾಕುವ ದೊಡ್ಡ ಟ್ಯೂಬುಲರ್ 50 ಕಿಲೋ ದಾಟುತ್ತದೆ, ಅದನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬಾಳಿಕೆಯೂ ಕಡಿಮೆ. ನಮ್ಮ 40 ಲೀಟರ್ ಫ್ರಿಜ್ ದಿನಕ್ಕೆ 25ರಿಂದ 30 ಆಂಪಿಯರ್-ಅವರ್ ತಿನ್ನುತ್ತದೆ. ಎಂಜಿನ್ ಓಡುವಾಗ ಚಾರ್ಜ್ ಮಾಡಲು 20 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಇದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿಲೋಮೀಟರ್, ಒಂದೂವರೆ ಗಂಟೆ. ಅಷ್ಟರಲ್ಲಿ ಫ್ರಿಜ್‌ನ ಒಂದು ದಿನದ ಊಟ ಬ್ಯಾಟರಿಗೆ ಸೇರಿರುತ್ತದೆ. ಸೋಲಾರ್ ಬೇಡ ಅಂದಿದ್ದು ಇದಕ್ಕೇ. ಮಳೆಗಾಲದಲ್ಲಿ ಬಿಸಿಲಿಲ್ಲ, ಬೇಸಿಗೆಯಲ್ಲಿ ನಾವು ನಿಲ್ಲಿಸುವುದು ಮರದ ನೆರಳಲ್ಲಿ. ಬಯಲುಸೀಮೆಯವರಿಗೆ ಸೋಲಾರ್ ಚಿನ್ನ, ನಮಗಲ್ಲ. ವೈರಿಂಗ್ ಮಾಡುವವರಿಗೆ ಒಂದು ಮಾತು: ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಫ್ಯೂಸ್ ಹಾಕಿಸಿ. ದಾರಿಯಲ್ಲೆಲ್ಲೋ ವೈರು ತಗಡಿಗೆ ತಾಗಿ ಉಜ್ಜಿದರೆ ಉಳಿಸುವುದು ಅದೊಂದೇ.

ಟೈರು ಆಲ್ ಟೆರೈನ್. ಕೆಸರಿನ ಟೈರು ನೋಡಲು ಚೆನ್ನ, ಆದರೆ ನಾವು ಓಡುವ ಹೆಚ್ಚಿನ ರಸ್ತೆ ಒದ್ದೆ ಡಾಂಬರು, ಅಲ್ಲಿ ಅದರ ಹಿಡಿತ ಕಮ್ಮಿ. ಜಂಬಿಟ್ಟಿಗೆ ಮಣ್ಣಿನ ಏರಿಗೆ ಟೈರಿನ ಗಾಳಿಯನ್ನು 22 ಪಿಎಸ್‌ಐವರೆಗೆ ಇಳಿಸಿ, ಲೋ ರೇಂಜ್‌ನಲ್ಲಿ ನಿಧಾನಕ್ಕೆ ಏರಿಸಿದರೆ ಬಹಳ ಕಡೆ ಸಾಕಾಗುತ್ತದೆ. ಡಾಂಬರು ಸಿಕ್ಕಿದ ಕೂಡಲೇ ಗಾಳಿ ತುಂಬಲು ಸಣ್ಣ ಕಂಪ್ರೆಸರ್ ಬೇಕೇ ಬೇಕು. ನಿಜವಾದ ಅಂಟು ಕೆಸರಿಗೆ ನಮ್ಮೂರ ಜೀಪಿನವರ ಉಪಾಯವೇ ಉಪಾಯ: ಚಕ್ರಕ್ಕೆ ಚೈನ್ ಕಟ್ಟುವುದು. ಒಂದು ಜೊತೆ ಚೈನ್ ಸೀಟಿನಡಿ ಇಟ್ಟಿದ್ದೇವೆ. ಯಾರನ್ನಾದರೂ ಎಳೆಯುವಾಗ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಮಕ್ಕಳನ್ನು ದೂರ ನಿಲ್ಲಿಸಿ. ಹಗ್ಗ ಕಡಿದರೆ ಚಾವಟಿ ಆಗುತ್ತದೆ.

ಇಷ್ಟೆಲ್ಲ ಇದ್ದರೂ ಕೊಡಚಾದ್ರಿಗೆ ಹೋದಾಗ ನಮ್ಮ ಗಾಡಿ ಕೆಳಗೇ ನಿಂತಿರುತ್ತದೆ, ನಾವು ಸ್ಥಳೀಯ ಜೀಪಿನಲ್ಲಿ ಹೋಗುತ್ತೇವೆ. ಆ ದಾರಿ ಅವರಿಗೆ ಗೊತ್ತು, ಅದು ಅವರ ಅನ್ನ. ಸಿಗಂದೂರು ಕಡೆ ಈಗ ಸುಲಭ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆದ ಮೇಲೆ ಹಿನ್ನೀರು ದಾಟಲು ಲಾಂಚ್‌ಗೆ ಕಾಯುವುದಿಲ್ಲ. ಮಕ್ಕಳಿಗೆ ಮಾತ್ರ ಬೇಸರ, ಲಾಂಚ್‌ಗೆ ಗಾಡಿ ಹತ್ತಿಸುವುದೇ ಅವರಿಗೆ ಮಜಾ ಇತ್ತು. ಶರಾವತಿ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ದಡ ಹಸಿರು ಮೈದಾನದ ಥರ ಕಾಣುತ್ತದೆ. ಗಾಡಿ ಇಳಿಸಲು ಹೋಗಬೇಡಿ. ಮೇಲ್ಪದರ ಒಣಗಿದ್ದರೂ ಕೆಳಗೆ ಹೂಳು ಮೆತ್ತಗಿರುತ್ತದೆ. ಮುಳುಗಿದ ಕಾಡಿನ ಮರದ ಬೊಡ್ಡೆಗಳೂ ಅಲ್ಲಲ್ಲಿ ಇರುತ್ತವೆ, ಟೈರಿನ ಪಕ್ಕ ಸೀಳಿದರೆ ಪಂಕ್ಚರ್ ಹಾಕಲೂ ಬರುವುದಿಲ್ಲ.

ಎಲ್ಲಿ ಉಳಿಯುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಮೀಸಲು ಅರಣ್ಯದಲ್ಲಿ, ಅಭಯಾರಣ್ಯದಲ್ಲಿ ಅನುಮತಿ ಇಲ್ಲದೆ ಉಳಿಯುವುದು ಅಪರಾಧ. ನಾವು ಪರಿಚಯದವರ ಅಂಗಳ, ಕೊಯ್ಲಾದ ಗದ್ದೆ, ಹೋಮ್‌ಸ್ಟೇಯವರ ಜಾಗ ಇಷ್ಟರಲ್ಲೇ ಇರುತ್ತೇವೆ. ಕೈಯಲ್ಲಿ ಒಂದು ಚೀಲ ಹಣ್ಣು ಹಿಡಿದು ಸಂಜೆ ಐದರೊಳಗೆ ಹೋಗಿ ಕೇಳಬೇಕು. ಕತ್ತಲಾದ ಮೇಲೆ ಹೆಡ್‌ಲೈಟ್ ಹಾಕಿಕೊಂಡು ಅಂಗಳಕ್ಕೆ ನುಗ್ಗಿದರೆ ನಾಯಿಗೂ ಇಷ್ಟವಾಗುವುದಿಲ್ಲ.

ಕಾಲ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಮಳೆಗಾಲದಲ್ಲಿ ಇಂಬಳ (ಜಿಗಣೆ). ಅದು ಹೆದರಿಸುತ್ತದೆ ಅಷ್ಟೇ, ಉಪ್ಪೋ ಸುಣ್ಣವೋ ಹಚ್ಚಿದರೆ ಬಿಡುತ್ತದೆ. ಬೇಸಿಗೆಯ ಉಣುಗು (ಉಣ್ಣಿ) ಹಾಗಲ್ಲ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಸಣ್ಣ ಉಣುಗು ತರಗೆಲೆಯಲ್ಲಿರುತ್ತದೆ, ಕಣ್ಣಿಗೆ ಸರಿಯಾಗಿ ಬೀಳುವುದೂ ಇಲ್ಲ. ನೆಲದ ಮೇಲೆ ಟೆಂಟ್ ಬಿಟ್ಟು ಗಾಡಿಯ ಮೇಲೆ ಮಲಗುವ ವ್ಯವಸ್ಥೆ ಮಾಡಿದ್ದಕ್ಕೆ ನಿಜವಾದ ಕಾರಣ ಇದು. ಆ ತಿಂಗಳುಗಳಲ್ಲಿ ಕಾಡಂಚಿಗೆ ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಕೈಕಾಲಿಗೆ ಹಚ್ಚುತ್ತೇವೆ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ರಾತ್ರಿ ಬಿಸಿನೀರಿನ ಸ್ನಾನ ಆಗದೆ ಹಾಸಿಗೆ ಹತ್ತುವಂತಿಲ್ಲ, ಇದು ನನ್ನ ಹೆಂಡತಿಯ ಕಾನೂನು. ಮಂಗ ಸತ್ತ ಸುದ್ದಿ ಕೇಳಿದ ಊರಿನ ಕಡೆ ತಲೆ ಹಾಕುವುದಿಲ್ಲ. ಬಂದ ಮೇಲೆ ಯಾರಿಗಾದರೂ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಹೀಗಾಗಿ ನಮಗೆ ಹೇಳಿಮಾಡಿಸಿದ ಕಾಲ ಅಕ್ಟೋಬರ್ ಆಸುಪಾಸಿನ ಭೂಮಿ ಹುಣ್ಣಿಮೆಯಿಂದ ನವೆಂಬರ್ ಮುಗಿಯುವವರೆಗೆ. ಮಳೆ ಬಿಟ್ಟಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ, ಉಣುಗಿನ ಕಾಟ ಶುರುವಾಗಿರುವುದಿಲ್ಲ.

ಅಡುಗೆಗೆ 5 ಕಿಲೋ ಸಿಲಿಂಡರ್, ಒಂದೇ ಒಲೆ, ಯಾವಾಗಲೂ ಹೊರಗೆ. ಚಳಿ ಎಂದು ಕೆಂಡದ ಬಾಣಲೆಯನ್ನು ಡಬ್ಬಿಯೊಳಗೆ ಇಡುವ ಯೋಚನೆ ಯಾರಿಗೂ ಬರಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಊಟ ಸರಳ. ಮನೆಯಲ್ಲೇ ಬೇಯಿಸಿದ ಕಡುಬು ಮರುದಿನ ಮತ್ತೆ ಬಿಸಿ ಮಾಡಿದರೆ ಇನ್ನೂ ರುಚಿ. ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ ಇದ್ದರೆ ಫ್ರಿಜ್‌ನ ಅವಶ್ಯಕತೆಯ ಬಗ್ಗೆಯೇ ಅನುಮಾನ ಬರುತ್ತದೆ. ಆದರೆ ಹಾಲು, ಮಕ್ಕಳ ಮೊಸರು ಇವೆಯಲ್ಲ.

ವಾಪಸು ಬಂದ ದಿನದ ಕೆಲಸ ಬೇಸರದ್ದು, ಆದರೆ ತಪ್ಪಿಸುವುದಿಲ್ಲ. ಡಬ್ಬಿಯ ಬಾಗಿಲು, ಕಿಟಕಿ ತೆಗೆದು ಹಾಸಿಗೆಯನ್ನು ಒಲೆಯ ಮೇಲಿನ ಅಟ್ಟಕ್ಕೆ ಒಣಗಲು ಹಾಕುತ್ತೇವೆ. ಗಾಡಿಯ ಅಡಿಯನ್ನು ಪೈಪು ಹಿಡಿದು ತೊಳೆಯುತ್ತೇವೆ. ಚಾಸಿಯ ಸಂದಿಯಲ್ಲಿ ಕೂತ ಕೆಮ್ಮಣ್ಣು ನೀರು ಹಿಡಿದಿಟ್ಟುಕೊಂಡು ಅಲ್ಲಿಂದಲೇ ತುಕ್ಕು ಶುರು ಮಾಡುತ್ತದೆ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಆ ಸಂದಿಗಳಿಗೆ ಮೇಣದ ಸ್ಪ್ರೇ. ಈ ಸಲ ಮಾಡಿಸಬೇಕಾದ್ದು ಒಂದು ಬಾಕಿ ಇದೆ: ಒದ್ದೆ ಚಪ್ಪಲಿ, ಒದ್ದೆ ಕೊಡೆ ಇಡಲು ಹೊರಗಡೆ ಒಂದು ಪೆಟ್ಟಿಗೆ. ಶೆಡ್‌ನವರಿಗೆ ಹೇಳಿ ಬಂದಿದ್ದೇನೆ, ಅಡಿಕೆ ಸುಲಿತ ಮುಗಿಯಲಿ ಅಂದಿದ್ದಾರೆ. ಅವರಿಗೂ ತೋಟ ಇದೆ.