ಹೈವೇ ಪಕ್ಕದ ಮನೆಗೆ ಸೈಕಲ್ ನೆಂಟರು

ಚಿಕ್ಕಬಳ್ಳಾಪುರದಲ್ಲಿ ಲಾಡ್ಜ್ ಇಲ್ವಾ, ಗುರುತು ಪರಿಚಯ ಇಲ್ಲದವರನ್ನ ಮನೆಗೇ ಯಾಕೆ ಕರೀತೀಯ ಅಂತ ಕೇಳುವವರು ಜಾಸ್ತಿ. ಲಾಡ್ಜ್ ಇವೆ. ಆದರೆ ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ನಮ್ಮೂರ ಪಕ್ಕದಲ್ಲೇ ಇದೆ. ಅದನ್ನು ಸೈಕಲ್‌ನಲ್ಲೇ ತುಳಿಯುವ ಪುಣ್ಯಾತ್ಮರೂ ಇದ್ದಾರೆ. ಬಾಗೇಪಲ್ಲಿ ಕಡೆಯಿಂದ ಸಂಜೆ ಇಲ್ಲಿಗೆ ಬಂದವರಿಗೆ ಬೆಂಗಳೂರು ಇನ್ನೂ ಸುಮಾರು 60 ಕಿಲೋಮೀಟರ್. ರಾತ್ರಿ ಹೊತ್ತು ಆ ಟ್ರಾಫಿಕ್‌ಗೆ ನುಗ್ಗುವುದಕ್ಕಿಂತ ಇಲ್ಲೇ ಮಲಗಿ ಬೆಳಗ್ಗೆ ಹೊರಡುವುದು ವಾಸಿ ಅಲ್ವಾ?

ನಾನು ಸೇರಿರುವುದು ವಾರ್ಮ್‌ಶವರ್ಸ್ ಅನ್ನುವ ಆನ್‌ಲೈನ್ ಬಳಗಕ್ಕೆ, ಪ್ರಯಾಣಿಕರನ್ನು ಮನೆಯಲ್ಲಿ ಉಳಿಸಿಕೊಳ್ಳುವವರದ್ದು. ಸೈಕಲ್ ಪ್ರಯಾಣಿಕರಿಗೆ ಅಂತಲೇ 1993ರಲ್ಲಿ ಶುರುವಾದದ್ದು. ಸ್ನಾನಕ್ಕೆ ನೀರು, ಮಲಗಲು ಜಾಗ, ಮನೆಯವರಿಗೆ ದುಡ್ಡು ಕೊಡುವ ಹಾಗಿಲ್ಲ. ಇಂಥದ್ದರಲ್ಲೇ ಹೆಚ್ಚು ಜನಕ್ಕೆ ಗೊತ್ತಿರುವ ಕೌಚ್‌ಸರ್ಫಿಂಗ್ 2020ರಲ್ಲಿ ಸದಸ್ಯರಿಂದ ಹಣ ಕೇಳತೊಡಗಿತು. ಬೇಸರವಾದವರಿಗೆ ಬಿವೆಲ್ಕಮ್, ಟ್ರಸ್ಟ್‌ರೂಟ್ಸ್ ಇವೆ, ಎರಡನ್ನೂ ಸ್ವಯಂಸೇವಕರೇ ನಡೆಸುತ್ತಾರೆ. ಇದೇನೂ ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದಲ್ಲ, ಸರ್ವಾಸ್ ಅನ್ನುವುದು 1949ರಿಂದಲೇ ಇದೆ.

ಅಮ್ಮನ ಪ್ರಶ್ನೆ ಬೇರೆ. "ಅವರು ಬಂದು ಉಂಡು ಹೋದರೆ, ನಾವು ಅವರೂರಿಗೆ ಹೋಗೋದು ಯಾವಾಗಪ್ಪ?" ಲೆಕ್ಕ ಹಾಗಲ್ಲಮ್ಮ ಅಂದೆ. ನಾನು ಪುದುಚೇರಿಗೆ ಸೈಕಲ್‌ನಲ್ಲಿ ಹೋದಾಗ ತಿರುವಣ್ಣಾಮಲೈಯಲ್ಲಿ ಜಾಗ ಕೊಟ್ಟವರು ನಮ್ಮ ಮನೆ ಕಡೆ ತಲೆ ಹಾಕಿಯೂ ಇಲ್ಲ. ಅಮ್ಮನಿಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಮುದ್ದೆ ಮಾತ್ರ ಎರಡು ಜಾಸ್ತಿಯೇ ತೊಳಸುತ್ತಾರೆ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಒಂದೇ ಮಾತು: ಪ್ರೊಫೈಲ್‌ನಲ್ಲಿ ಮನೆಯಲ್ಲಿ ಏನಿಲ್ಲ ಅನ್ನುವುದನ್ನು ಮೊದಲು ಬರೆಯಿರಿ. ನನ್ನದರಲ್ಲಿ ಹೀಗಿದೆ: ಬೇರೆ ರೂಮ್ ಇಲ್ಲ, ಹಾಲ್‌ನಲ್ಲಿ ಚಾಪೆ ಮೇಲೆ ಮಲಗಬೇಕು. ಶವರ್ ಇಲ್ಲ, ಹಂಡೆಯಿಂದ ಬಿಸಿನೀರು ತೋಡಿಕೊಳ್ಳಬೇಕು, ಬೇಸಿಗೆಯಲ್ಲಿ ಒಬ್ಬರಿಗೆ ಎರಡು ಬಕೆಟ್ ಮಾತ್ರ. ಕುಡಿದು ಬರಬೇಡಿ. ಇಷ್ಟು ಓದಿಯೂ ಬರುವವರು ಬಂದ ಮೇಲೆ ಗೊಣಗುವುದಿಲ್ಲ. ಓದದೆ ಊರಿಗೆಲ್ಲ ಒಂದೇ ಮೆಸೇಜ್ ಕಳಿಸುವವರೂ ಇರುತ್ತಾರೆ. ಅವರನ್ನು ಹಿಡಿಯಲು ಕೊನೆಯಲ್ಲಿ 'ನಿಮ್ಮ ಟೈರ್ ಸೈಜ್ ತಿಳಿಸಿ' ಅಂತ ಸೇರಿಸಿದ್ದೇನೆ. ತಿಳಿಸದವರಿಗೆ ಉತ್ತರವೂ ಇಲ್ಲ. ಅದು ಸುಮ್ನೆ ಪರೀಕ್ಷೆಯಲ್ಲ, 700 ಸಿ ಅನ್ನುವ ಸೈಜಿನ ಟ್ಯೂಬ್ ನಮ್ಮೂರಲ್ಲಿ ಸಿಗುವುದು ಕಷ್ಟ, ಬೇಕಾದರೆ ಬೆಂಗಳೂರಿಂದ ಬರುವ ಯಾರ ಕೈಯಲ್ಲಾದರೂ ಮೊದಲೇ ತರಿಸಬಹುದು.

ಬರುತ್ತೇನೆ ಅನ್ನುವವರ ಬಗ್ಗೆ ಬೇರೆ ಮನೆಯವರು ಬರೆದಿರುವುದನ್ನೂ ಓದಿ. 'ತುಂಬಾ ಒಳ್ಳೆಯವರು' ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಪಾತ್ರೆ ತೊಳೆದರು, ಹೇಳಿದ ಹೊತ್ತಿಗೆ ಬಂದರು, ಅಜ್ಜಿ ಜೊತೆ ಕೂತು ಅವರೆಕಾಯಿ ಸುಲಿದರು ಅಂತಿದ್ದರೆ ಧೈರ್ಯವಾಗಿ ಬನ್ನಿ ಅನ್ನಿ. ಮನಸ್ಸು ಒಪ್ಪದಿದ್ದರೆ ಬೇಡ ಅಂದುಬಿಡಿ, ಕಾರಣ ಕೊಡಬೇಕಿಲ್ಲ.

ವಿದೇಶದವರಾದರೆ ಇನ್ನೊಂದು ಕೆಲಸ ಇದೆ. ಬಂದ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರವನ್ನು ಆನ್‌ಲೈನ್‌ನಲ್ಲಿ ಇಮಿಗ್ರೇಷನ್ ಇಲಾಖೆಗೆ ಕೊಡಬೇಕು. ಫಾರ್ಮ್ ಸಿ ಅಂತ ಕರೆಯುತ್ತಾ ಬಂದಿರುವುದು ಇದನ್ನೇ. ಇದು ಹೋಟೆಲಿನವರಿಗೆ ಮಾತ್ರ ಅಂದುಕೊಳ್ಳಬೇಡಿ, ಮನೆಯಲ್ಲಿ ಉಳಿಸಿಕೊಂಡರೂ ಕೊಡಬೇಕು. ಲಾಗಿನ್ ಮೊದಲೇ ಮಾಡಿಸಿಟ್ಟುಕೊಳ್ಳಿ. ನೆಂಟರು ಬಾಗಿಲಲ್ಲಿ ನಿಂತಾಗ ಓಟಿಪಿಗೆ ಕಾಯುತ್ತಾ ಕೂರುವುದು ಚೆನ್ನಾಗಿರುವುದಿಲ್ಲ.

ಬೆಳಗ್ಗೆ ಹೊರಡುವವರಿಗೆ ನಂದಿ ಗ್ರಾಮದ ಭೋಗನಂದೀಶ್ವರನನ್ನು ನೋಡಿಕೊಂಡೇ ಹೋಗಿ ಅನ್ನುತ್ತೇನೆ. ನಂದಿ ಬೆಟ್ಟ ಹತ್ತುವ ಆಸೆ ಇದ್ದರೆ ಲಗೇಜ್ ನಮ್ಮಲ್ಲೇ ಬಿಡಬಹುದು. ಮೇಲೆ 1,478 ಮೀಟರ್ ಎತ್ತರ, ಆ ತಿರುವುಗಳಲ್ಲಿ ಬ್ಯಾಗ್ ಹೊತ್ತ ಸೈಕಲ್ ತುಳಿಯುವುದು ಯಾರಿಗೂ ಬೇಡ. ಹಾಗೆ ಬಿಟ್ಟು ಹೋದವರು ಮಧ್ಯಾಹ್ನ ಹಸಿದುಕೊಂಡು ವಾಪಸ್ ಬರುತ್ತಾರೆ, ಅದನ್ನು ಅಮ್ಮನಿಗೆ ಬೆಳಗ್ಗೆಯೇ ಹೇಳಿರಬೇಕು.