ಹೀಲಿಯಂ ಜೆಟ್‌ಗೆ (ಚಿಮ್ಮುವ ಅನಿಲಕ್ಕೆ) ಲೇಸರ್ ಹೊಡೆದು ಎಕ್ಸ್‌ರೇ ಕಿರಣ ಹುಟ್ಟಿಸುವ ಬಗೆ

ಮೊದಲು ಕೋಣೆ ನೋಡಿಕೊಳ್ಳಿ. ಬಳ್ಳಾರಿ ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇದ್ದರೂ ಲೇಸರ್ ಕೋಣೆ 22ರಲ್ಲೇ ನಿಲ್ಲಬೇಕು. ಒಂದು ಡಿಗ್ರಿ ಏರಿಳಿದರೂ ಕಿರಣದ ದಾರಿ ಸರಿಯುತ್ತದೆ. ಸಂಡೂರಿನ ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳಿನ ಒಂದು ಕಣ ಕನ್ನಡಿ ಮೇಲೆ ಕೂತರೆ ಲೇಪನ ಅಲ್ಲೇ ಸುಟ್ಟು ಚುಕ್ಕೆ ಬೀಳುತ್ತದೆ. ಎರಡು ಬಾಗಿಲು, ಹೆಪಾ ಫಿಲ್ಟರ್ (ಸಣ್ಣ ಧೂಳನ್ನೂ ಹಿಡಿಯುವ ಗಾಳಿ ಸೋಸುಕ), ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಲೇಸರ್ ಟೈಟಾನಿಯಂ-ಸಫೈರ್ ಹರಳಿನದು, ತರಂಗಾಂತರ 800 ನ್ಯಾನೋಮೀಟರ್. ಪ್ರತಿ ಹೊಡೆತಕ್ಕೆ ಸುಮಾರು 1 ಜೂಲ್, 30 ಫೆಮ್ಟೋಸೆಕೆಂಡ್ (ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಫೆಮ್ಟೋಸೆಕೆಂಡ್). ಪ್ಯಾರಾಬೋಲ ಕನ್ನಡಿಯಿಂದ ಅದನ್ನು 10 ಮೈಕ್ರಾನ್ ತ್ರಿಜ್ಯಕ್ಕೆ ಕೂಡಿಸಿದರೆ ಚದರ ಸೆಂಟಿಮೀಟರಿಗೆ 10^18 ವ್ಯಾಟ್ ಸಲೀಸಾಗಿ ದಾಟುತ್ತದೆ.

ಲೇಸರ್ ಹೊಡೆಯುವ ಮುಚ್ಚಿದ ಚೇಂಬರ್ ನಿರ್ವಾತವಾದ ಮೇಲೆ 2–3 ಮಿಲಿಮೀಟರ್ ನಾಜಲ್‌ಗೆ (ಅನಿಲ ಚಿಮ್ಮಿಸುವ ಮೂತಿಗೆ) 20–50 ಬಾರ್ ಹೀಲಿಯಂ ಕೊಡಿ. ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಹೊಡೆತಕ್ಕೆ ಕೆಲವೇ ಮಿಲಿಸೆಕೆಂಡ್ ಮುಂಚೆ ತೆರೆಯಲಿ. ಹೆಚ್ಚು ಹೊತ್ತು ತೆರೆದರೆ ಪಂಪಿಗೆ ತಾಳದು. ಲೇಸರ್ ನಾಜಲ್ ತುದಿಯಿಂದ 1 ಮಿಲಿಮೀಟರ್ ಮೇಲೆ, ಜೆಟ್ಟಿನ ಮುಂದಿನ ಅಂಚಿನಲ್ಲಿ ಕೂಡಬೇಕು. ಇನ್ನೂ ಕೆಳಗಿಳಿಸಿದರೆ ನಾಜಲ್ಲೇ ತೂತಾಗುತ್ತದೆ.

ಲೇಸರ್ ತಾಗಿದ ಹೀಲಿಯಂ ಪ್ಲಾಸ್ಮಾ ಆಗುತ್ತದೆ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನ್ ಬಿಡಿಯಾಗುತ್ತವೆ. ಲೇಸರ್ ಹಿಂದೆ ಏಳುವ ಪ್ಲಾಸ್ಮಾ ಅಲೆ ಈ ಎಲೆಕ್ಟ್ರಾನುಗಳಲ್ಲಿ ಕೆಲವನ್ನು ಎಳೆದೊಯ್ಯುತ್ತದೆ. ಅವು ಓಡುತ್ತಲೇ ಅತ್ತಿತ್ತ ಓಲಾಡುವುದರಿಂದ ಕೆಲವು ಕಿಲೋಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಕ್ಸ್‌ರೇ ಮುಂದಕ್ಕೆ ಚಿಮ್ಮುತ್ತದೆ. ಆಮೇಲೆ ಅಯಸ್ಕಾಂತ ಇಟ್ಟು ಎಲೆಕ್ಟ್ರಾನುಗಳನ್ನು ಪಕ್ಕಕ್ಕೆ ಸರಿಸಿ, ಉಳಿದ ಲೇಸರ್ ಬೆಳಕಿಗೆ ಅಲ್ಯೂಮಿನಿಯಂ ಹಾಳೆ ಅಡ್ಡ ಹಿಡಿಯಿರಿ.

ಎಲೆಕ್ಟ್ರಾನೇ ಕಾಣದಿದ್ದರೆ ಒತ್ತಡ ಏರಿಸುವ ಆತುರ ಬೇಡ, ಮೊದಲು ಫೋಕಸ್ ನೋಡಿ. ಅದು ಸರಿಯಿದ್ದರೆ ಹೀಲಿಯಂಗೆ ನೂರಕ್ಕೆ ಒಂದು ಪಾಲು ನೈಟ್ರೋಜನ್ ಬೆರೆಸಿ. ಬಹಳ ಸಲ ಇಷ್ಟೇ ಸಾಕು. ಹೊಡೆಯುವಾಗ ಎಲ್ಲರೂ ದಪ್ಪ ಕಾಂಕ್ರೀಟ್ ಗೋಡೆಯಾಚೆ ಇರಬೇಕು, ಬಾಗಿಲು ತೆರೆದರೆ ಲೇಸರ್ ತಾನೇ ನಿಲ್ಲಬೇಕು.